ಹರಿದಾಡುವ ಹುಳುವಿನ ಬೆನ್ನು ಬೀಳೋಕೆ ಮೈಕ್ರೋ-ಮ್ಯಾನೇಜರ್: ಕೆಲವು ವರ್ಷ ಬಳಸಿದ ಮೇಲೆ

ಪುಣೆಯ ಪಾಷಾಣ್ ಕಡೆ ಒಂದು ಲ್ಯಾಬ್‌ನಲ್ಲಿ ಸಿ. ಎಲೆಗನ್ಸ್ ಅನ್ನೋ ಪುಟಾಣಿ ದುಂಡುಹುಳುಗಳ ಓಡಾಟವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಧಾರವಾಡ, ಬೆಳಗಾವಿಯಿಂದ ಇಲ್ಲಿಗೆ ಪಿಎಚ್‌ಡಿಗೆ ಬರುವವರು ಕೇಳುತ್ತಲೇ ಇರುತ್ತಾರೆ, ಮೈಕ್ರೋಸ್ಕೋಪ್ ನಡೆಸೋಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ ಅಂತ. ಬೇಡ. ಮೈಕ್ರೋ-ಮ್ಯಾನೇಜರ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಆ ದುಡ್ಡನ್ನು ಒಳ್ಳೆಯ ಮೋಟಾರ್ ಸ್ಟೇಜ್‌ಗೆ, ಅಂದರೆ ಲೆನ್ಸಿನ ಕೆಳಗೆ ಹುಳುವಿನ ಪ್ಲೇಟನ್ನು ಸರಿಸುವ ಹಲಗೆಗೆ, ಹಾಕಿ.

ಹುಳು ಇರುವುದೇ ಸುಮಾರು 1 ಮಿ.ಮೀ. 10ಎಕ್ಸ್ ಲೆನ್ಸ್‌ನಲ್ಲಿ ಕ್ಯಾಮೆರಾಕ್ಕೆ ಕಾಣುವ ಜಾಗ ಅದಕ್ಕಿಂತ ಸ್ವಲ್ಪವೇ ಜಾಸ್ತಿ, ಹಾಗಾಗಿ ಕೆಲವೇ ಸೆಕೆಂಡಲ್ಲಿ ಹುಳು ಆಚೆ ಹೋಗಿಬಿಡುತ್ತದೆ. ಮೈಕ್ರೋ-ಮ್ಯಾನೇಜರ್ 2005ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾನ್ ವೇಲ್ ಅವರ ಲ್ಯಾಬ್‌ನಲ್ಲಿ ಶುರುವಾದದ್ದು. ಕ್ಯಾಮೆರಾ, ಸ್ಟೇಜ್, ಶಟರ್ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುತ್ತದೆ. ಹುಳುವನ್ನು ಹಿಂಬಾಲಿಸುವುದಕ್ಕೆ ಮಾತ್ರ ಪೈಕ್ರೋ-ಮ್ಯಾನೇಜರ್ (ಮೈಕ್ರೋ-ಮ್ಯಾನೇಜರನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಿಂದ ನಡೆಸಲು ಬಿಡುವ ಸಾಫ್ಟ್‌ವೇರ್) ಮೂಲಕ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಬೇಕು: ಚಿತ್ರ ತೆಗೆದು, ಹುಳು ಎಲ್ಲಿದೆ ಅಂತ ಹುಡುಕಿ, ನಡುವಿನಿಂದ ಎಷ್ಟು ಪಿಕ್ಸೆಲ್ ಸರಿದಿದೆಯೋ ಅದನ್ನು ಮೈಕ್ರಾನ್‌ಗೆ ತಿರುಗಿಸಿ, ಸ್ಟೇಜನ್ನು ಅಷ್ಟು ಸರಿಸುವುದು.

ಇಲ್ಲಿ ಕ್ಯಾಲಿಬ್ರೇಷನ್ನೇ ಜೀವ, ಅಂದರೆ ಚಿತ್ರದ ಪಿಕ್ಸೆಲ್‌ಗೂ ಸ್ಟೇಜಿನ ಸರಿದಾಟಕ್ಕೂ ಲೆಕ್ಕ ಹೊಂದಿಸುವುದು. ಕ್ಯಾಮೆರಾ ಒಂಚೂರು ಓರೆ ಕೂತಿದ್ದರೆ ಸ್ಟೇಜ್ ಗುರಿ ತಪ್ಪುತ್ತದೆ, ಚಿತ್ರ ಎಡಬಲ ತಿರುವುಮುರುವಾಗಿದ್ದರೆ ಹುಳುವಿನಿಂದ ದೂರ ಓಡುತ್ತದೆ. ಪಿಕ್ಸೆಲ್ ಅಳತೆಯ ಜೊತೆಗೆ ಆ ಓರೆಯನ್ನೂ ಮೈಕ್ರೋ-ಮ್ಯಾನೇಜರ್‌ನಲ್ಲಿ ಉಳಿಸಿಡಬಹುದು. ಲೆನ್ಸ್ ಬದಲಾದಾಗೆಲ್ಲ ಅದನ್ನು ನೋಡಿಕೊಳ್ಳಿ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಪ್ರತಿ ಫ್ರೇಮಿಗೂ ಸ್ಟೇಜ್ ಸರಿಸಬೇಡಿ. ಚಿತ್ರ ಮಸುಕಾಗುವುದು ಒಂದು ಕಡೆ, ಪ್ಲೇಟು ಅದುರಿದರೆ ಈ ಹುಳು ಹೆದರಿ ಹಿಂದಕ್ಕೆ ಹರಿಯುತ್ತದೆ. ಅದರ ಸಹಜ ನಡಿಗೆ ನೋಡೋಣ ಅಂತ ಕೂತರೆ ನಮ್ಮ ಸ್ಟೇಜಿನ ಕುಲುಕಾಟವೇ ಡೇಟಾದಲ್ಲಿ ತುಂಬಿರುತ್ತದೆ, ಅಲ್ವಾ? ನಡುವೆ ಒಂದು ಚೌಕ ಇಟ್ಟುಕೊಂಡು, ಹುಳು ಅದನ್ನು ದಾಟಿದಾಗ ಮಾತ್ರ ನಿಧಾನವಾಗಿ ಸರಿಸಿ.

ಬೇಜಾರಿನ ಸಂಗತಿಗಳೂ ಇವೆ. ಯುಎಸ್‌ಬಿ ಕೇಬಲ್ ಬೇರೆ ಕಡೆ ಚುಚ್ಚಿದರೆ ಪೋರ್ಟ್ ನಂಬರ್ ಬದಲಾಗಿ ಸ್ಟೇಜ್ ಸಿಗುವುದಿಲ್ಲ. ಫ್ರೇಮುಗಳು ವೇಗವಾಗಿ ಬಂದು ಡಿಸ್ಕಿಗೆ ಬರೆಯುವುದು ತಡವಾದರೆ ಬಫರ್ (ಚಿತ್ರಗಳು ಡಿಸ್ಕಿಗೆ ಹೋಗುವ ಮುಂಚೆ ಕಾಯುವ ಮೆಮೊರಿ) ತುಂಬಿ ರೆಕಾರ್ಡಿಂಗ್ ನಿಂತುಹೋಗುತ್ತದೆ. ಎಸ್‌ಎಸ್‌ಡಿ ಇರಲೇಬೇಕು.

ಜೀವಕೋಶಗಳ ಕೆಲಸವಾದರೆ ರೆಕಾರ್ಡ್ ಆದ ಮೇಲೆ ಫಿಜಿ ಅನ್ನೋ ಚಿತ್ರ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್‌ಮೇಟ್ ಹಾಕುತ್ತೇವೆ, ಅದು ಪ್ರತಿ ಕೋಶ ಹೋದ ದಾರಿ ಗುರುತಿಸುವ ಪ್ಲಗಿನ್. ಚೆನ್ನಾಗಿದೆ. ಎರಡು ಕೋಶ ತೀರಾ ಹತ್ತಿರ ಬಂದಾಗ ಒಂದರ ದಾರಿ ಇನ್ನೊಂದಕ್ಕೆ ಅಂಟಿಕೊಳ್ಳುವುದುಂಟು, ಅದನ್ನು ಕೈಯಲ್ಲೇ ಬಿಡಿಸಬೇಕು.

ಸ್ಟೇಜ್ ಕೊಳ್ಳುವ ಮುಂಚೆ ಅದರ ಕಂಟ್ರೋಲರ್ (ಸ್ಟೇಜಿನ ಮೋಟಾರು ನಡೆಸುವ ಸಾಧನ) ಹೆಸರು ಮೈಕ್ರೋ-ಮ್ಯಾನೇಜರ್‌ನ ಸಾಧನಗಳ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.