ಯುಎಸ್‌ಬಿ ಫ್ಲಾಪಿ ಡ್ರೈವ್: ಓದುತ್ತದೆ, ಆದರೆ ಬೂಷ್ಟಿಗೆ ಹೆದರಬೇಕು

ಈ ಡ್ರೈವ್ ಮೇಲೆ ನನಗಿರುವ ಸಿಟ್ಟು ಒಂದೇ. ಡಿಸ್ಕ್ ಓದುವ ಹೆಡ್ ಒರೆಸಲು ದಾರಿಯನ್ನೇ ಬಿಟ್ಟಿಲ್ಲ. ಫ್ಲಾಪಿಯಲ್ಲಿ ಹೆಡ್ ಡಿಸ್ಕಿಗೆ ತಾಗಿಕೊಂಡೇ ಓಡುತ್ತದೆ. ಬೂಷ್ಟು ಹಿಡಿದ ಒಂದು ಡಿಸ್ಕ್ ಹಾಕಿದರೆ ಸಾಕು, ಕೊಳೆ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಒಳ್ಳೇ ಡಿಸ್ಕನ್ನೂ ಗೀರಿಬಿಡುತ್ತದೆ. ಹಳೇ ಡೆಸ್ಕ್‌ಟಾಪ್ ಡ್ರೈವ್ ಆಗಿದ್ದರೆ ಮುಚ್ಚಳ ತೆಗೆದು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬಹುದಿತ್ತು. ಈ ತೆಳು ಡಬ್ಬಿ ಬಿಚ್ಚಲು ಹೋದರೆ ಕೊಕ್ಕೆಗಳೇ ಮುರಿಯುತ್ತವೆ.

ಮಂಡ್ಯದಲ್ಲಿ ಅಪ್ಪ ನಡೆಸುತ್ತಿದ್ದ ಡಿಟಿಪಿ ಅಂಗಡಿಯ ಫ್ಲಾಪಿಗಳೆಲ್ಲ ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿದ್ದವು. ಎಷ್ಟೋ ಮಳೆಗಾಲದ ತೇವ ಕುಡಿದಿವೆ. ಅದಕ್ಕೇ ಊಟ ಆದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೊಂದನ್ನೇ ನೋಡುತ್ತೇನೆ. ಹೆಬ್ಬೆರಳಲ್ಲಿ ತಗಡಿನ ಶಟರ್ ಸರಿಸಿ, ಹಿಂದಿನ ಲೋಹದ ಬಿಲ್ಲೆಯನ್ನು ನಿಧಾನ ತಿರುಗಿಸಿದರೆ ಕಂದು ಹಾಳೆ ಪೂರ್ತಿ ಸುತ್ತು ಬರುತ್ತದೆ. ಬಿಳಿ ಚುಕ್ಕೆ ಕಂಡರೆ ಅದು ಬೇರೆ ಡಬ್ಬಿಗೆ. ಆಮೇಲೆ ಮೂಲೆಯ ಸಣ್ಣ ಗುಂಡಿ ಸರಿಸಿ ಕಿಂಡಿ ತೆರೆದಿಡಬೇಕು. ಕಿಂಡಿ ತೆರೆದಿದ್ದರೆ ಡಿಸ್ಕ್ ಮೇಲೆ ಏನೂ ಬರೆಯಲಾಗುವುದಿಲ್ಲ. ಓದಲು ತಡವರಿಸಿದರೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲಾ' ಅಂತ ಕೇಳುತ್ತದೆ, ಬೇಡ ಅನ್ನಿ.

ಫೈಲ್ ಕಾಪಿ ಮಾಡುವುದಕ್ಕಿಂತ ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಾಗಿ, ತೆಗೆದುಕೊಳ್ಳುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಹಾಳಾದ ಸೆಕ್ಟರುಗಳನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. 1.44 ಎಂಬಿ ಡಿಸ್ಕಿನ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು.

ಇಷ್ಟೆಲ್ಲ ರಗಳೆ ಯಾಕೆ ಅನ್ನಿಸುವ ಹೊತ್ತಿಗೆ ಒಂದು ಫೈಲ್ ತೆರೆಯಿತು. ನೋಡಿದರೆ ಬರೀ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರ. 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಪರಿವರ್ತಕಕ್ಕೆ ಹಾಕಿದೆ. ಅತ್ತೆಯ ಲಗ್ನಪತ್ರಿಕೆ! 'ಆಶೀರ್ವಾದವೇ ಉಡುಗೊರೆ' ಅನ್ನುವ ಸಾಲಿನ ಸಮೇತ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಅದನ್ನು ಅಪ್ಪನೇ ಕೂತು ತಿದ್ದಿದರು. ಅಂದಿನಿಂದ ಡ್ರೈವ್ ಮೇಲಿನ ಸಿಟ್ಟು ಅರ್ಧ ಇಳಿಯಿತು.

ನಿಮ್ಮಲ್ಲಿರುವುದು ಪಿಸಿಯ ಮೂರೂವರೆ ಇಂಚಿನ ಫ್ಲಾಪಿ ಮಾತ್ರ ಆದರೆ ಧೈರ್ಯವಾಗಿ ತಗೊಳ್ಳಿ, ದುಬಾರಿ ಅಲ್ಲ. ಐದೂಕಾಲು ಇಂಚಿನವು, ಹಳೇ ಅಮಿಗಾ ಕಂಪ್ಯೂಟರಿನ ಡಿಸ್ಕುಗಳು ಇದ್ದರೆ ಇದು ಸುಮ್ನೆ ದಂಡ. ಅವಕ್ಕೆ ಹೊಂದುವ ಹಳೇ ಡ್ರೈವ್ ಹುಡುಕಿ, ಅದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೂಡಿಸುವ ಗ್ರೀಸ್‌ವೀಸಲ್ ಬೋರ್ಡಿಗೆ ಜೋಡಿಸಬೇಕು. ಬೂಷ್ಟಿನ ಡಬ್ಬಿಗಾಗಿ ನಾನೂ ಈಗ ಆ ಬೋರ್ಡಿಗೇ ದುಡ್ಡು ಎತ್ತಿಡುತ್ತಿದ್ದೇನೆ. ಅದರಲ್ಲಾದರೆ ಪ್ರತಿ ಡಿಸ್ಕ್ ಆದ ಮೇಲೂ ಹೆಡ್ ಒರೆಸಬಹುದು, ಅಲ್ವಾ.