ಊಟಿಯ ಕೊನೆಯ ದಿನ: ಕೂನೂರಿನ ರೈಲೋ, ದೊಡ್ಡಬೆಟ್ಟದ ಕ್ಯಾಬೋ, ತೋಟದ ಬೆಂಚೋ?

ಊಟಿಯಿಂದ ಸ್ವಂತ ಕಾರಿನಲ್ಲಿ ಮೈಸೂರಿನ ಕಡೆ ಹೊರಡುವ ದಿನ ಗಂಡ ಹೆಂಡತಿಗೆ ಆರಾಮಾಗಿ ಸಿಗುವುದು ಹೆಚ್ಚೆಂದರೆ ಆರೇಳು ಗಂಟೆ. ಅಷ್ಟನ್ನೇ ಮೂರು ಬಗೆಯಲ್ಲಿ ಕಳೆದು ನೋಡಿದ ಮೇಲೆ ನಮ್ಮ ಮತ ಕೂನೂರಿಗೆ ಹೋಗುವ ಪುಟ್ಟ ರೈಲಿಗೆ. ಉಳಿದೆರಡೂ, ಅಂದರೆ ದೊಡ್ಡಬೆಟ್ಟದ ಕ್ಯಾಬು ಮತ್ತು ಊಟಿಯ ಸಸ್ಯೋದ್ಯಾನ, ಕೆಟ್ಟವಲ್ಲ, ಆದರೆ ಮಂಜು ಬಿದ್ದ ದಿನ ಒಂದು ಪೂರಾ ಸೋಲುತ್ತದೆ.

ಆರೇಳೇ ಗಂಟೆ ಏಕೆಂದರೆ ಬಂಡೀಪುರದ ಗೇಟು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಹೊರಡುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಊಟಿಯಿಂದ ಗೂಡಲೂರಿಗೆ ಸುಮಾರು 50 ಕಿ.ಮೀ. ಬಿಸಿಲಿದ್ದರೆ ಒಂದೂವರೆ ಗಂಟೆ ಸಾಕು. ನಡುವಟ್ಟಂ ಹತ್ತಿರ ಮಂಜು ಕವಿದರೆ ಗಾಡಿ 20ರ ವೇಗ ದಾಟುವುದಿಲ್ಲ, ಎರಡೂವರೆ ಗಂಟೆಯೂ ಹಿಡಿಯುತ್ತದೆ. ಗೂಡಲೂರಿನಿಂದ ತೆಪ್ಪಕಾಡಿನ ಮೇಲೆ ಬಂಡೀಪುರಕ್ಕೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ಅಂದರೆ ನಾಲ್ಕಕ್ಕೆ ಊಟಿ ಬಿಟ್ಟರೆ ನೆಮ್ಮದಿ, ಐದು ದಾಟಿದರೆ ಎದೆ ಢವಢವ.

ಇಲ್ಲೇ ಇನ್ನೊಂದು ತೊಡಕು. ಫೋನಿನ ಮ್ಯಾಪು ಕಲ್ಲಟ್ಟಿ ಘಾಟಿಯ ದಾರಿ ತೋರಿಸುತ್ತದೆ. ತೆಪ್ಪಕಾಡಿಗೆ ಮುಂಚೆ ಸಿಗುವ ಮಸಿನಗುಡಿಗೆ ಅದೇ ಹತ್ತಿರ, ನಿಜ. ಆದರೆ 36 ಹೇರ್‌ಪಿನ್ ತಿರುವುಗಳ ಆ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಕಾದು ಅಪಘಾತಗಳಾಗಿ, ಹೊರಗಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ. ಅಲ್ಲಿಯವರೆಗೆ ಹೋಗಿ ತಿರುಗಿ ಬಂದವರಿಗೆ ಅರ್ಧ ಮುಕ್ಕಾಲು ಗಂಟೆ ಕೈಬಿಟ್ಟಂತೆಯೇ. ಮ್ಯಾಪಿನಲ್ಲಿ ಗೂಡಲೂರನ್ನು ನಡುವಿನ ನಿಲುಗಡೆಯಾಗಿ ಮೊದಲೇ ಸೇರಿಸಿಬಿಡಿ. ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಹನಿಗಳಿಗೆ ತಗುಲಿದ ಬೆಳಕು ಕಣ್ಣಿಗೇ ವಾಪಸು ಬಂದು ರಸ್ತೆ ಇನ್ನಷ್ಟು ಮರೆಯಾಗುತ್ತದೆ.

ಈಗ ಕ್ಯಾಬು. ಒಂದೇ ಬಾಡಿಗೆಯಲ್ಲಿ ನಾಲ್ಕೈದು ಪಾಯಿಂಟು ಎನ್ನುವ ಪ್ಯಾಕೇಜು ಮೊದಲ ದಿನಕ್ಕೆ ಸರಿ. ಕೊನೆಯ ದಿನ ಇಳಿ, ಫೋಟೊ ತೆಗೆ, ಹತ್ತು ಎನ್ನುವಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಪಟ್ಟಿಯ ಮುಖ್ಯ ಆಕರ್ಷಣೆ ದೊಡ್ಡಬೆಟ್ಟ. 2,637 ಮೀಟರ್ ಎತ್ತರ, ಊರಿಗಿಂತ ಸುಮಾರು 400 ಮೀಟರ್ ಮೇಲೆ. ಊರಿನಲ್ಲಿ ಮಂಜು ತೆಳ್ಳಗಿದ್ದಾಗಲೂ ತುದಿ ಮೋಡದೊಳಗೇ ಇರಬಹುದು. ಆಗ ದೂರದರ್ಶಕದಲ್ಲಿ ಬಿಳಿ ಬಿಟ್ಟು ಬೇರೇನೂ ಕಾಣದು. ಬೆಳಿಗ್ಗೆ ಕೋಣೆಯ ಕಿಟಕಿಯಿಂದ ಎದುರಿನ ಗುಡ್ಡ ಕಾಣದಿದ್ದರೆ ದೊಡ್ಡಬೆಟ್ಟವನ್ನು ಕೈಬಿಡಿ. ಪೈಕಾರಾ ಜಲಪಾತ ನೋಡಲು ಬೇರೆ ಕ್ಯಾಬು ಬೇಡ, ಅದು ಗೂಡಲೂರಿನ ದಾರಿಯಲ್ಲೇ ಸಿಗುತ್ತದೆ.

ಸಸ್ಯೋದ್ಯಾನ ಅಗ್ಗ, ನಿಧಾನ. 1848ರಿಂದ ಬೆಳೆದುಬಂದ ತೋಟ. ಎರಡು ಕೋಟಿ ವರ್ಷ ಹಳೆಯದೆನ್ನುವ ಕಲ್ಲಾದ ಮರದ ಕಾಂಡವೂ ಅಲ್ಲಿದೆ. ಬೆಟ್ಟದ ಇಳಿಜಾರಿನಲ್ಲಿರುವುದರಿಂದ ಒದ್ದೆ ಹುಲ್ಲು ಜಾರುತ್ತದೆ, ಹಿಡಿತವಿರುವ ಶೂ ಬೇಕು. ವಾರಾಂತ್ಯವಾದರೆ ಗೇಟು ತೆಗೆಯುತ್ತಿದ್ದಂತೆ ಹೋಗಿ.

ರೈಲು ಗೆಲ್ಲುವುದು ಮಂಜಿನಿಂದಲೇ. ಊಟಿ 2,240 ಮೀಟರ್, ಕೂನೂರು 1,850 ಆಸುಪಾಸು. ಗಾಡಿ ಇಳಿಯುತ್ತ ಹೋದಂತೆ ಮೋಡದಿಂದ ಹೊರಬೀಳುವ ಸಂಭವ ಹೆಚ್ಚು. ಲವ್‌ಡೇಲ್‌ನಲ್ಲಿ ಮರಗಳ ನೆರಳಷ್ಟೇ ಕಂಡಿದ್ದು, ಕೇತಿಗೆ ಬರುವಾಗ ಕಣಿವೆಯೇ ತೆರೆದುಕೊಳ್ಳಬಹುದು. ತೆರೆದುಕೊಳ್ಳದಿದ್ದರೂ ನಷ್ಟವಿಲ್ಲ: ಎದುರುಬದುರು ಕೂತು, ಕಿಟಕಿ ಅರ್ಧ ಎತ್ತಿ, ಒಂದು ಗಂಟೆ ಹತ್ತು ನಿಮಿಷ ಯಾರ ಅವಸರವೂ ಇಲ್ಲದೆ ಸಾಗುವುದೇ ಸುಖ. 19 ಕಿ.ಮೀ.ಗೆ ಅಷ್ಟು ಹೊತ್ತು.

ಟಿಕೆಟ್ ಹುಡುಕುವಾಗ ನಿಲ್ದಾಣದ ಹೆಸರು ಉದಗಮಂಡಲಂ ಎಂಬುದು ನೆನಪಿರಲಿ. ಹಬೆಯ ಎಂಜಿನ್ ಬೇಕೆನ್ನುವವರಿಗೆ ಒಂದು ಮಾತು: ಈ ತುಂಡಿನಲ್ಲಿ ಎಳೆಯುವುದು ಡೀಸೆಲ್. ಹಬೆ ಎಂಜಿನ್ನು, ಹಲ್ಲುಗಂಬಿ (ಕಡಿದಾದ ಏರಿನಲ್ಲಿ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಳ್ಳಲು ಹಳಿಗಳ ನಡುವೆ ಹಾಕಿದ ಹಲ್ಲಿನ ಪಟ್ಟಿ) ಎರಡೂ ಕೂನೂರಿನ ಕೆಳಗೆ. ಕಾಯ್ದಿರಿಸಿದ ಸೀಟು ಸಿಗದಿದ್ದರೆ ಕಾಯ್ದಿರಿಸದ ಡಬ್ಬಿಗೆ ಮುಕ್ಕಾಲು ಗಂಟೆ ಮುಂಚೆ ಸಾಲಿನಲ್ಲಿ ನಿಲ್ಲಬೇಕು.

ಸೂಟ್‌ಕೇಸು ಹೊತ್ತು ರೈಲು ಹತ್ತಬೇಡಿ, ಡಬ್ಬಿ ಕಿರಿದು. ಕೋಣೆ ಖಾಲಿ ಮಾಡಿ, ಸಾಮಾನನ್ನು ಲಾಡ್ಜಿನ ರಿಸೆಪ್ಶನ್ನಿನಲ್ಲೋ ಕಾರಿನ ಡಿಕ್ಕಿಯಲ್ಲೋ ಬಿಟ್ಟು ಬೆಳಗಿನ ಗಾಡಿ ಹಿಡಿಯಿರಿ. ನೀಲಗಿರಿಯಲ್ಲಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೆ ನಿಷೇಧವಿದೆ, ಸ್ಟೀಲಿನದು ಜೊತೆಗಿರಲಿ. ಕೂನೂರಿನಲ್ಲಿ 1874ರ ಸಿಮ್ಸ್ ಪಾರ್ಕಿಗೆ ಆಟೊದಲ್ಲಿ ಹೋಗಿ ಒಂದೂವರೆ ಗಂಟೆ ಅಡ್ಡಾಡಿ. ವಾಪಸು ಬರಲು ಮಾತ್ರ ರೈಲಿಗೆ ಕಾಯಬೇಡಿ. ಬಸ್‌ಸ್ಟ್ಯಾಂಡು ನಿಲ್ದಾಣದ ಹತ್ತಿರವೇ ಇದೆ, ಊಟಿಗೆ ಮೇಲಿಂದ ಮೇಲೆ ಬಸ್ಸುಗಳಿವೆ. ಎರಡೂವರೆಯೊಳಗೆ ಊಟಿ ಸೇರಿದರೆ ಊಟ ಮುಗಿಸಿ ನಾಲ್ಕಕ್ಕೆ ಕಾರು ಎಬ್ಬಿಸಬಹುದು.

ಕ್ಯಾಬಿನ ದಿನದ ಬಾಡಿಗೆಯ ಒಂದು ಚೂರಿನಲ್ಲಿ ಇಬ್ಬರ ರೈಲು, ಬಸ್ಸು, ಆಟೊ ಎಲ್ಲ ಮುಗಿಯುತ್ತದೆ. ಕೈ ಬಿಗಿ ಹಿಡಿದು ಓಡಾಡುವ ನಮ್ಮಂಥವರಿಗೆ ಅದೇ ದೊಡ್ಡದು. ಮಂಡಿನೋವಿರುವವರಿಗೂ ಬೆಳಿಗ್ಗೆ ತಡವಾಗಿ ಏಳುವವರಿಗೂ ತೋಟದ ಬೆಂಚೇ ಸರಿ. ಕ್ಯಾಬು ಮಾಡಿದ್ದೇ ಆದರೆ ಆಕಾಶ ತಿಳಿಯಾಗಿರುವ ದಿನ, ದೊಡ್ಡಬೆಟ್ಟ ಒಂದಕ್ಕೇ ಮಾತಾಡಿಕೊಳ್ಳಿ.