ಹಳದಿ ಬೋರ್ಡ್ ಗಾಡಿಯ ಜಿಪಿಎಸ್, ಪ್ಯಾನಿಕ್ ಬಟನ್: ಬಳಸುತ್ತಿರುವವನ ಅನುಭವ

ಟ್ಯಾಕ್ಸಿಗೆ ಜಿಪಿಎಸ್, ಪ್ಯಾನಿಕ್ ಬಟನ್ ಇಲ್ಲದಿದ್ದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಆಗುವುದಿಲ್ಲ ಅಂದರು, ಹಾಕಿಸಿದೆ. ನಮ್ಮ ಸ್ಟ್ಯಾಂಡಿನ ಬಹಳ ಜನ ಹಾಕಿಸಿದ್ದೂ ಅಷ್ಟಕ್ಕೇ, ಆಮೇಲೆ ಅದರ ಕಡೆ ತಿರುಗಿ ನೋಡಿದವರು ಕಡಿಮೆ. ನಾನು ಮೊದಲಿನಿಂದ ಗಮನಿಸುತ್ತಾ ಬಂದಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಡಿವೈಸ್‌ಗಳಿಗೆಂದೇ ಇರುವ ಎಐಎಸ್ 140 ಮಾನದಂಡದಂತೆ ತಯಾರಾದವು ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ.

ಡ್ಯಾಶ್‌ಬೋರ್ಡ್ ಹಿಂದೆ ಒಂದು ಕಪ್ಪು ಡಬ್ಬಿ, ಹಿಂದಿನ ಸೀಟಿನವರ ಕೈಗೆಟುಕುವಂತೆ ಕೆಂಪು ಗುಂಡಿ. ಸಿಮ್ಮು, ಬ್ಯಾಟರಿ ಡಬ್ಬಿಯೊಳಗೇ ಇರುತ್ತವೆ. ಗಾಡಿಯ ವೈರ್ ಕಿತ್ತರೂ ನಾಲ್ಕು ಗಂಟೆಯಾದರೂ ಕೆಲಸ ಮಾಡಬೇಕು ಅನ್ನುವುದು ನಿಯಮ. ಕರ್ನಾಟಕದಲ್ಲಿ ಸರ್ಕಾರ 2023ರಲ್ಲಿ ನಿಗದಿ ಮಾಡಿದ ಬೆಲೆ 7,599 ರೂಪಾಯಿ, ಜಿಎಸ್‌ಟಿ ಬೇರೆ. ಸಿಮ್ ರಿನೀವಲ್‌ಗೆ ಮತ್ತೆ ದುಡ್ಡು ಕಟ್ಟಬೇಕು.

ದೆಹಲಿಯ ಬಸ್ಸಿನಲ್ಲಿ 2012ರಲ್ಲಿ ಆ ಹುಡುಗಿಗೆ ಆದದ್ದನ್ನು ಯಾರೂ ಮರೆತಿಲ್ಲ. ಅದಾದ ಮೇಲೆ, ಈ ಡಬ್ಬಿ, ಗುಂಡಿ ಇರಲೇಬೇಕು ಅನ್ನುವ 125ಎಚ್ ನಿಯಮ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ್ದು 2016ರ ನವೆಂಬರಿನಲ್ಲಿ, ಹೊಸ ಬಾಡಿಗೆ ಗಾಡಿಗಳಿಗೆ ಕಡ್ಡಾಯವಾದದ್ದು 2019ರ ಜನವರಿಯಿಂದ. ಈ ಉದ್ದೇಶಕ್ಕೆ ನನ್ನ ತಕರಾರಿಲ್ಲ. ರಾತ್ರಿ ಹೊತ್ತು ಹೆಣ್ಣುಮಕ್ಕಳು ಒಬ್ಬರೇ ಹತ್ತಿದರೆ ಗುಂಡಿ ತೋರಿಸಿ, "ಏನೇ ಆದರೂ ಇದನ್ನು ಒತ್ತಿ ಮೇಡಂ" ಅನ್ನುತ್ತೇನೆ. ಬಿಗಿಹಿಡಿದ ಬ್ಯಾಗನ್ನು ಪಕ್ಕಕ್ಕೆ ಇಟ್ಟು ಕೂರುತ್ತಾರೆ. ನನ್ನ ಮನೆಯವಳಿಗೂ ಆ್ಯಪ್‌ನಲ್ಲಿ ಗಾಡಿ ಎಲ್ಲಿದೆ ಎಂದು ಕಾಣುವುದು ದೊಡ್ಡ ಸಮಾಧಾನ.

ಆದರೆ ಗುಂಡಿ ಒತ್ತಿದರೆ ಯಾರಾದರೂ ಬರುತ್ತಾರಾ? ಧರ್ಮಸ್ಥಳದ ಬಾಡಿಗೆಯಲ್ಲಿ ಮಗುವೊಂದು ಆಟಕ್ಕೆ ಒತ್ತಿಬಿಟ್ಟಿತು. ಹಾಸನದ ಹತ್ತಿರ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಯಾರ ಫೋನೂ ಬರಲಿಲ್ಲ. ಮುಂದೆ ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋಯಿತು. ಆಗ ಡಬ್ಬಿ ದಾರಿಯನ್ನೆಲ್ಲ ತನ್ನೊಳಗೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತದೆ. ಅಂದರೆ ನಾನು ಎಲ್ಲೆಲ್ಲಿ ಹೋದೆ ಅನ್ನುವ ಲೆಕ್ಕ ಒಂದಿಷ್ಟೂ ತಪ್ಪುವುದಿಲ್ಲ, ಸಹಾಯ ಮಾತ್ರ ಸಿಗ್ನಲ್ ಇದ್ದಲ್ಲಿ, ಅದೂ ಯಾರಾದರೂ ನೋಡಿದರೆ. ಈ ಡಿವೈಸ್ ಬಗ್ಗೆ ನನಗಿರುವ ದೊಡ್ಡ ದೂರು ಇದೇ.

ಇನ್ನೊಂದು ಗೊತ್ತಾದದ್ದು ರಿನೀವಲ್‌ಗೆ ಹೋದಾಗ. ಅಂಗಡಿಯ ಹುಡುಗ ನನ್ನ ಗಾಡಿ ಹುಡುಕಲು ಕಂಪ್ಯೂಟರನ್ನು ನನ್ನ ಕಡೆಗೇ ತಿರುಗಿಸಿದ. ಪರದೆ ತುಂಬಾ ಗಾಡಿ ನಂಬರು, ಪಕ್ಕದಲ್ಲಿ ಮಾಲೀಕರ ಹೆಸರು, ಈಗ ನಿಂತಿರುವ ಜಾಗ. ನಮ್ಮ ಸ್ಟ್ಯಾಂಡಿನವರೇ ಒಬ್ಬರ ಗಾಡಿ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ನಿಂತಿತ್ತು. ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ನನಗೆ ಅದು ಗೊತ್ತಾಗಬಾರದಿತ್ತು, ಆ ಹುಡುಗನಿಗಂತೂ ಗೊತ್ತಾಗಲೇಬಾರದಿತ್ತು.

ಒಂದೇ ಗಾಡಿ ಇರುವ ನಮ್ಮಂಥವರಿಗೆ ಬಾಡಿಗೆಗೂ ಅದೇ, ಮನೆಗೂ ಅದೇ. ಇಗ್ನಿಷನ್ ಆಫ್ ಮಾಡಿದರೂ ಡಬ್ಬಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಜಾಗ ತಿಳಿಸುತ್ತಲೇ ಇರುತ್ತದೆ. ಮದುವೆಗೆ ಹೋದದ್ದು, ವಕೀಲರ ಹತ್ತಿರ ಹೋದದ್ದು, ಯೂನಿಯನ್ ಮೀಟಿಂಗಿಗೆ ಹೋದದ್ದು ಎಲ್ಲ ಸರ್ವರ್‌ನಲ್ಲಿ ಕೂತಿದೆ. ಎಷ್ಟು ದಿನ ಇಡುತ್ತಾರೆ, ಯಾರು ಕೇಳಿದರೆ ಕೊಡುತ್ತಾರೆ ಎಂದು ನನಗೆ ಕೊಟ್ಟ ಕಾಗದದಲ್ಲಿ ಒಂದು ಸಾಲೂ ಇಲ್ಲ. ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದಾರೆ. ಹಳದಿ ಬೋರ್ಡ್ ಇದ್ದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂತಲ್ಲ ಅಂದರೆ, ಸರ್ಕಾರ ತಾನೇ ಹೆಸರಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲೇ ದಾರಿ ಇಟ್ಟಿದ್ದಾರೆ.

ಡಬ್ಬಿ ಕಿತ್ತು ಹಾಕಿ ಅನ್ನುತ್ತಿಲ್ಲ. ಬಾಡಿಗೆ ಇಲ್ಲದಾಗ ನಾವೇ ಆಫ್ ಮಾಡುವಂತಿರಲಿ, ಗುಂಡಿ ಒತ್ತಿದಾಗ ತಾನಾಗಿ ಆನ್ ಆಗಲಿ. ಹಳೆಯ ದಾರಿಯ ವಿವರ ಬೇಕಾದರೆ ಪೊಲೀಸರು ಲಿಖಿತವಾಗಿ ಕೇಳಲಿ. ಅಂಗಡಿಯವರಿಗೆ ಡಿವೈಸ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಷ್ಟು ಕಂಡರೆ ಸಾಕು.

ಈಗ ಹಾಕಿಸುವವರು ಎರಡು ಕೆಲಸ ಮಾಡಿ. ರಿನೀವಲ್ ಎಷ್ಟಾಗುತ್ತದೆ ಎಂದು ಮೊದಲೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಫಿಟ್ ಮಾಡಿದವನು ಇಟ್ಟುಕೊಟ್ಟ ಆ್ಯಪ್ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. ನನ್ನದು ನನ್ನ ಗಾಡಿ ನಂಬರೇ ಆಗಿತ್ತು.